ಪಿಷ್ಟಪಶುವೂ ಪಟ್ಟೆಮಡಿಯೂ

ಪುಷ್ಯ ಶುದ್ಧ ಷಷ್ಠಿಯಂದು ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಕ್ಷೇತ್ರದಲ್ಲಿ ಶ್ರೀ ಸುಬ್ರಹ್ಮಣ್ಯಸ್ವಾಮಿಯ ಬ್ರಹ್ಮರಥೋತ್ಸವವು ಜರುಗುವುದು ಈ ಪ್ರಾಂತದ ಆಸ್ತಿಕರಿಗೆಲ್ಲ ತಿಳಿದ ವಿಷಯ. ಒಂದೇ ಶಿಲೆಯಲ್ಲಿ ಪೂರ್ವಾಭಿಮುಖನಾಗಿ ಸುಬ್ರಹ್ಮಣ್ಯನೂ ಪಶ್ಚಿಮಾಭಿಮುಖನಾಗಿ ಶ್ರೀ ನರಸಿಂಹದೇವರೂ ಸನ್ನಿಹಿತರಾಗಿರುವುದು, ಹಿಂಬದಿಯ ಕನ್ನಡಿಯಲ್ಲಿ ನರಸಿಂಹದೇವರ ದರ್ಶನವಾಗುವುದು ಆ ಸನ್ನಿಧಾನದ ವೈಶಿಷ್ಟ್ಯ. ರಥೋತ್ಸವಕ್ಕೆ ಮುಂಚಿನ ದಿನಗಳಲ್ಲಿ ಅಲ್ಲಿ ನೆರೆಯುವ ದನಗಳ ಜಾತ್ರೆಯೂ ಅಷ್ಟೇ ಪ್ರಸಿದ್ಧವಾದದ್ದು. ಬೂದುಬಣ್ಣದ ಮೈ, ಹಿಂದಕ್ಕೆ ಬಾಗಿ ಮೇಲೇರುವ ನೀಳವಾದ ಕೊಂಬು, ಬಿಗಿಯಾದ ಕಾಲುಗಳು, ಇಂಥ ಹಳ್ಳಿಕಾರ್ ತಳಿಯ ಹೋರಿಗಳನ್ನು ಕೊಳ್ಳಲು ದೂರದೂರದ ರೈತರು ಬರುತ್ತಾರೆ. ಮೈಸೂರು ಅರಸರ ಕಾಲದ ಅಮೃತಮಹಲ್ ತಳಿಗೆ ಮೂಲವೆನಿಸಿದ ಈ ಹಳ್ಳಿಕಾರಿನ ಚಿತ್ರವನ್ನು 2000ದಲ್ಲಿ ಭಾರತೀಯ ಅಂಚೆ ಇಲಾಖೆಯು ತನ್ನ ಅಂಚೆಚೀಟಿಯಲ್ಲಿಯೂ ಅಚ್ಚುಹಾಕಿಸಿತು.

ಜಾತ್ರೆಯಲ್ಲಿ ಹೋರಿಗಳಿಗೆ ಕೊಂಬೆಣಿಸು, ಗೆಜ್ಜೆ, ಮೇಲೆ ಚಪ್ಪರ, ಒಮ್ಮೊಮ್ಮೆ ವಾದ್ಯದ ಮೆರವಣಿಗೆ. ಅದೇ ಹೋರಿಗೆ ಮೂಗುದಾರ, ಬೀಜ ಒಡೆಸುವುದು, ನೊಗ, ಬಾರುಕೋಲು. ಎರಡನ್ನೂ ಮಾಡುವ ಕೈ ಒಂದೇ. ಇದರಲ್ಲಿ ಕಪಟವಿದೆಯೆಂದು ಹೇಳುವುದು ಸುಲಭ. ಆದರೆ ಮಗನಂತೆ ಸಾಕಿದೆನೆಂದು ಹೇಳುವ ರೈತನ ಮಾತು ಸುಳ್ಳಲ್ಲ. ಆದ್ದರಿಂದಲೇ ಪ್ರಶ್ನೆ ಕಠಿಣವಾಗುತ್ತದೆ. ಪ್ರಾಣಿಗಳನ್ನು ಹೀಗೆ ನಡೆಸಿಕೊಳ್ಳುವ ಅಧಿಕಾರ ನಮಗೆ ಎಲ್ಲಿಂದ ಬಂತು? ನಾವು ಮನುಷ್ಯರು, ಅವು ಪಶುಗಳು ಎಂಬಷ್ಟೇ ಉತ್ತರ ಸಾಕೆ? ಉತ್ಸವದ ಈ ದಿನಗಳಲ್ಲಿ ಸಿದ್ಧಾಂತದೃಷ್ಟಿಯಿಂದ ಇದನ್ನು ಸ್ವಲ್ಪ ವಿಚಾರಿಸೋಣ.

ಪಾಶ್ಚಾತ್ಯರಲ್ಲಿ ಈ ಪ್ರಶ್ನೆಗೆ ಒಂದು ಹೆಸರು ಹುಟ್ಟಿದ್ದು 1970ರಲ್ಲಿ. ಇಂಗ್ಲೆಂಡಿನ ರಿಚರ್ಡ್ ರೈಡರ್ ಎಂಬ ಮನಶ್ಶಾಸ್ತ್ರಜ್ಞರು ‘ಸ್ಪೀಷೀಸಿಸಂ’ ಎಂಬ ಪದವನ್ನು ಸೃಷ್ಟಿಸಿದರು. 1975ರಲ್ಲಿ ಆಸ್ಟ್ರೇಲಿಯದ ಪೀಟರ್ ಸಿಂಗರ್ ತಮ್ಮ ಗ್ರಂಥದಿಂದ ಅದನ್ನು ಲೋಕಪ್ರಸಿದ್ಧಗೊಳಿಸಿದರು. ಮೈಬಣ್ಣ ನೋಡಿ ಒಬ್ಬನ ನೋವನ್ನು ಕಡೆಗಣಿಸುವುದು ಹೇಗೆ ಅನ್ಯಾಯವೋ, ಹಾಗೆಯೇ ಪ್ರಾಣಿವರ್ಗ ಬೇರೆ ಎಂಬ ಒಂದೇ ಕಾರಣದಿಂದ ಅದರ ನೋವನ್ನು ಕಡೆಗಣಿಸುವುದೂ ಅನ್ಯಾಯವೆಂಬುದು ಅವರ ವಾದ. ಕನ್ನಡದಲ್ಲಿ ಇದನ್ನು ‘ಜಾತಿಪಕ್ಷಪಾತ’ ಎನ್ನಬಹುದು. ಇಲ್ಲಿ ‘ಜಾತಿ’ ಎಂಬುದನ್ನು ತರ್ಕಶಾಸ್ತ್ರದ ಅರ್ಥದಲ್ಲಿ, ಎಂದರೆ ಗೋತ್ವ, ಅಶ್ವತ್ವ, ಮನುಷ್ಯತ್ವ ಎಂಬ ಅರ್ಥದಲ್ಲಿ ತಿಳಿಯತಕ್ಕದ್ದು. ಮದುವೆಯ ಮಾತುಕತೆಯ ಅರ್ಥದಲ್ಲಲ್ಲ.

ನಮ್ಮ ಸಿದ್ಧಾಂತವನ್ನು ಹೊರಗಿನಿಂದ ನೋಡುವವರು ಇಲ್ಲಿ ಒಂದು ಶಂಕೆಯನ್ನು ಎತ್ತುತ್ತಾರೆ. “ನಿಮ್ಮದು ತಾರತಮ್ಯವನ್ನು ಒಪ್ಪುವ ಮತ. ಜೀವರಲ್ಲಿ ಉಚ್ಚನೀಚಭಾವವು ಸ್ವಾಭಾವಿಕವೆಂದು ಹೇಳುವವರು ನೀವು. ಮೇಲಿನವನು ಕೆಳಗಿನದನ್ನು ಬಳಸಿಕೊಳ್ಳುವುದಕ್ಕೆ ನಿಮ್ಮಲ್ಲಿ ತಡೆಯೇನು?” ಇದು ಉತ್ತರಿಸಲೇಬೇಕಾದ ಪ್ರಶ್ನೆ. ನಮ್ಮವರಲ್ಲಿಯೇ ಅನೇಕರು ಮನಸ್ಸಿನೊಳಗೆ ಹೀಗೆಯೇ ಎಣಿಸಿರುವುದುಂಟು.

ತಾರತಮ್ಯವು ಜೀವಸ್ವರೂಪದ ಯೋಗ್ಯತೆಯಲ್ಲಿರುವುದು. ಹೊತ್ತ ಶರೀರದಲ್ಲಿ ಅಲ್ಲ. ಈ ಭೇದವನ್ನು ಮರೆತರೆ ಮೇಲಿನ ಶಂಕೆಗೆ ಸಮಾಧಾನವೇ ಇಲ್ಲ. ನೆನೆದರೆ ಶಂಕೆಯೇ ನಿಲ್ಲದು. ಜೀವೋತ್ತಮರಾದ ವಾಯುದೇವರ ಪ್ರಥಮಾವತಾರವು ವಾನರರೂಪದ್ದು. ಗರುಡನು ಪಕ್ಷಿ, ಶೇಷನು ಸರ್ಪ; ಇವರಿಬ್ಬರೂ ರುದ್ರದೇವರೊಡನೆ ಒಂದೇ ಕಕ್ಷೆಯಲ್ಲಿ ಪರಿಗಣಿತರು. ಮನುಷ್ಯೋತ್ತಮರ ಕಕ್ಷೆಯು ಇವರೆಲ್ಲರಿಗಿಂತ ಎಷ್ಟೋ ಕೆಳಗೆ ಬರುತ್ತದೆ. ತಾರತಮ್ಯದ ಪಟ್ಟಿಯನ್ನು ಬಾಯಿಪಾಠ ಮಾಡಿದ ಬಾಲಕನಿಗೂ ತಿಳಿಯುವ ಸಂಗತಿಯೆಂದರೆ, ಆ ಪಟ್ಟಿಯಲ್ಲಿ ಎಲ್ಲಿಯೂ “ಇಲ್ಲಿಂದ ಮೇಲೆ ಮನುಷ್ಯರು, ಕೆಳಗೆ ಪ್ರಾಣಿಗಳು” ಎಂಬ ಗೆರೆಯಿಲ್ಲ. ಬ್ರಹ್ಮದೇವರಿಂದ ತೃಣದವರೆಗೆ ಎಲ್ಲವೂ ಜೀವರೇ. ಎಲ್ಲರೊಳಗೂ ಬಿಂಬರೂಪಿಯಾದ ಶ್ರೀಹರಿಯು ಇರುವನು. ಎದುರಿಗೆ ನಿಂತ ಎತ್ತಿನಲ್ಲಿರುವ ಜೀವನ ಯೋಗ್ಯತೆ ಎಷ್ಟೆಂಬುದನ್ನು ಅದರ ಚರ್ಮವನ್ನು ನೋಡಿ ಹೇಳಬಲ್ಲವರು ನಮ್ಮಲ್ಲಿ ಯಾರೂ ಇಲ್ಲ.

ಇದಕ್ಕೆ ನಮ್ಮ ಸಂಪ್ರದಾಯದಲ್ಲಿಯೇ ಒಂದು ನಿದರ್ಶನವಿದೆ. ಶ್ರೀಮದಾಚಾರ್ಯರ ಗ್ರಂಥಗಳ ಹೊರೆಯನ್ನು ಹೊತ್ತು ಅವರೊಡನೆ ಸಂಚರಿಸುತ್ತಿದ್ದ ಎತ್ತೊಂದಿತ್ತು. ಪಾಠಪ್ರವಚನ ನಡೆಯುವಾಗ ಅದು ನಿಂತು ಕೇಳುತ್ತಿತ್ತು. ತಮ್ಮ ಭಾಷ್ಯಗಳಿಗೆ ಟೀಕೆಯನ್ನು ಬರೆಯುವವರು ಯಾರೆಂದು ಶಿಷ್ಯರು ಕೇಳಿದಾಗ ಆಚಾರ್ಯರು ಆ ಎತ್ತನ್ನು ತೋರಿಸಿದರಂತೆ. ಮುಂದೆ ಅದೇ ಜೀವವು ಧೋಂಡೋಪಂತನಾಗಿ ಜನಿಸಿ, ಕುದುರೆಯ ಮೇಲಿನಿಂದಲೇ ಬಾಗಿ ಬಾಯಿಯಿಂದ ನದಿಯ ನೀರನ್ನು ಕುಡಿಯುತ್ತಿದ್ದುದನ್ನು ಕಂಡು ಶ್ರೀ ಅಕ್ಷೋಭ್ಯತೀರ್ಥರು ‘ಹಿಂದಿನ ದೇಹದಲ್ಲಿ ಪಶುವಾಗಿದ್ದೆಯೋ’ ಎಂಬರ್ಥದ ಪ್ರಶ್ನೆ ಕೇಳಲು, ಪೂರ್ವಸ್ಮರಣೆ ಉದಿಸಿ ಆತನೇ ಶ್ರೀ ಜಯತೀರ್ಥರಾದರೆಂಬುದು ಪರಂಪರೆಯಲ್ಲಿ ಪ್ರಸಿದ್ಧ. ಟೀಕಾಕೃತ್ಪಾದರನ್ನು ದಿನವೂ ಸ್ಮರಿಸುವ ನಾವು ಈ ಕಥೆಯನ್ನು ಮಕ್ಕಳಿಗೆ ಸಂತೋಷದಿಂದ ಹೇಳುತ್ತೇವೆ. ಆದರೆ ಇದರ ಇನ್ನೊಂದು ಮುಖವನ್ನು ಗಮನಿಸುವುದಿಲ್ಲ. ಆ ಎತ್ತು ಹೊರೆ ಹೊತ್ತ ದಾರಿಯುದ್ದಕ್ಕೂ ಕಂಡವರಿಗೆ ಅದು ಬರಿಯ ಎತ್ತಾಗಿತ್ತು.

ತರ್ಕದ ದೃಷ್ಟಿಯಿಂದಲೂ ಒಂದು ಮಾತನ್ನು ಸೇರಿಸಬಹುದು. ಎಲ್ಲ ಗೋವುಗಳಲ್ಲಿಯೂ ಅನುಗತವಾಗಿರುವ, ನಿತ್ಯವಾದ, ಒಂದೇ ಒಂದು ‘ಗೋತ್ವ’ವಿದೆಯೆಂದು ನೈಯಾಯಿಕರು ಹೇಳುವರು. ನಮ್ಮವರು ಅದನ್ನು ಒಪ್ಪರು. ಪ್ರತಿಯೊಂದು ವ್ಯಕ್ತಿಯಲ್ಲಿಯೂ ಅದರ ಧರ್ಮ ಬೇರೆ ಬೇರೆ. ಅವುಗಳೊಳಗಿನ ಸಾದೃಶ್ಯದಿಂದಲೇ ‘ಗೋವು’ ಎಂಬ ವ್ಯವಹಾರ ನಡೆಯುತ್ತದೆ. ಹಾಗಾದರೆ ‘ಮನುಷ್ಯತ್ವ’ವೂ ಹಾಗೆಯೇ. ನಮ್ಮೆಲ್ಲರಲ್ಲಿ ಹರಡಿಕೊಂಡಿರುವ ಒಂದು ವಸ್ತು ಅದಲ್ಲ. ಇಲ್ಲದ ಒಂದು ಸಾಮಾನ್ಯಕ್ಕೆ ನಮ್ಮ ಅಧಿಕಾರವನ್ನೆಲ್ಲ ನೇತುಹಾಕುವುದು ಹೇಗೆ ಕೂಡೀತು? ಸಿಂಗರ್ ಮೊದಲಾದವರು ಬೇರೆ ದಾರಿಯಿಂದ ಬಂದು ತಲುಪಿದ ಸ್ಥಳಕ್ಕೆ ನಮ್ಮ ವ್ಯಕ್ತಿಭೇದವಾದವು ಬಹಳ ಹತ್ತಿರವಿದೆ. ಅವರು ಸಮಾನತೆಯಿಂದ ಹೊರಡುವರು, ನಾವು ಭೇದದಿಂದ ಹೊರಡುವೆವು. ಇದು ಕುತೂಹಲದ ಸಂಗತಿ.

ನೋವಿನ ವಿಷಯಕ್ಕೆ ಬಂದರೆ, ಸುಖದುಃಖಗಳನ್ನು ನೇರವಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ ಗ್ರಹಿಸುವುದು ಸಾಕ್ಷಿ. ಸಾಕ್ಷಿಯು ಜೀವಸ್ವರೂಪವೇ ಆದುದರಿಂದ ಜೀವನಿರುವಲ್ಲೆಲ್ಲ ಸಾಕ್ಷಿಯೂ ಉಂಟು. ಹದಿನೇಳನೆಯ ಶತಮಾನದ ಫ್ರಾನ್ಸಿನ ಡೆಕಾರ್ಟ್ ಮತ್ತು ಅವನ ಅನುಯಾಯಿಗಳು ಪ್ರಾಣಿಗಳನ್ನು ಗಡಿಯಾರದಂಥ ಯಂತ್ರಗಳೆಂದು ವಿವರಿಸಿದರು; ನಮ್ಮಲ್ಲಿ ಅಂಥ ಮಾತಿಗೆ ಅವಕಾಶವೇ ಇಲ್ಲ. 2012ರಲ್ಲಿ ಕೇಂಬ್ರಿಜ್ಜಿನಲ್ಲಿ ಸೇರಿದ ನರವಿಜ್ಞಾನಿಗಳು, ಸ್ತನಿಗಳಲ್ಲಿಯೂ ಪಕ್ಷಿಗಳಲ್ಲಿಯೂ ಆಕ್ಟೋಪಸ್ಸಿನಂಥ ಕೆಲವು ಜಲಚರಗಳಲ್ಲಿಯೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆಯೆಂದು ಘೋಷಿಸಿದರು. ಕೀಟಗಳ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಇನ್ನೂ ಒಮ್ಮತವಿಲ್ಲ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಇನ್ನು ಪಿಷ್ಟಪಶುವಿನ ವಿಚಾರ. ಯಜ್ಞದಲ್ಲಿ ಜೀವಂತ ಪಶುವಿನ ಸ್ಥಾನದಲ್ಲಿ ಹಿಟ್ಟಿನಿಂದ ಮಾಡಿದ ಪಶುವನ್ನು ಸಮರ್ಪಿಸುವುದು ಮಾಧ್ವಸಂಪ್ರದಾಯದ ಪದ್ಧತಿ. ಈಗ ನಮಗೆ ಇದು ಸಹಜವಾಗಿ ತೋರುತ್ತದೆ. ಆದರೆ ಒಂದು ಕಾಲದಲ್ಲಿ ಇದಕ್ಕಾಗಿ ವಿದ್ವಾಂಸರೊಳಗೆ ತೀವ್ರ ವಾಗ್ವಾದ ನಡೆದು ಖಂಡನ ಮಂಡನ ಗ್ರಂಥಗಳೇ ಹುಟ್ಟಿಕೊಂಡವು. ಎದುರುಪಕ್ಷದವರ ವಾದವು ದುರ್ಬಲವಾದುದಲ್ಲ. ವಿಧಿವಾಕ್ಯದಿಂದ ವಿಹಿತವಾದ ಹಿಂಸೆಯು ದೋಷಕ್ಕೆ ಕಾರಣವಾಗದೆಂಬುದು ಮೀಮಾಂಸಕರ ನಿಲುವು. ವೈದಿಕಕರ್ಮದಲ್ಲಿಯೂ ಹಿಂಸೆಯಿಂದಾಗುವ ಅಶುದ್ಧಿ ಉಂಟೆಂದು ಸಾಂಖ್ಯರು ಆಕ್ಷೇಪಿಸಿದರೂ ಅದನ್ನು ವೇದಾಂತಿಗಳು ಮನ್ನಿಸಲಿಲ್ಲ. ಅಲ್ಲದೆ ಜೈಮಿನಿಸೂತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿದ್ರವ್ಯದ ವಿಚಾರವಿದೆ. ವಿಹಿತವಾದ ದ್ರವ್ಯವು ದೊರೆಯದಿದ್ದಾಗ ಅದಕ್ಕೆ ಸದೃಶವಾದುದನ್ನು ಉಪಯೋಗಿಸಬಹುದು. ಸೋಮಲತೆ ಸಿಗದಿದ್ದರೆ ಪೂತೀಕವನ್ನು ಹಿಂಡಬಹುದು. “ಆದರೆ ಆಡು ಸಿಗುತ್ತದಲ್ಲ! ಸಿಗುವ ದ್ರವ್ಯಕ್ಕೆ ಪ್ರತಿನಿಧಿ ಏತಕ್ಕೆ?” ಎಂದು ಅವರು ಕೇಳಿದರು.

ನಮ್ಮವರ ಸಮಾಧಾನ ಹಲವು ಬಗೆಯದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿಯೇ ತುಪ್ಪದ ಪಶು, ಹಿಟ್ಟಿನ ಪಶುಗಳ ಉಲ್ಲೇಖವಿದೆ. ಇದು ಹೊಸದಾಗಿ ಕಲ್ಪಿಸಿದ್ದಲ್ಲ. ಕಲಿಯುಗದಲ್ಲಿ ವರ್ಜ್ಯವೆಂದು ನಿಬಂಧಕಾರರು ಎಣಿಸಿದವುಗಳಲ್ಲಿ ಅಶ್ವಾಲಂಭನ, ಗವಾಲಂಭನ, ಶ್ರಾದ್ಧದಲ್ಲಿ ಮಾಂಸ ಇವು ಸೇರಿವೆ. ನಿಷಿದ್ಧವಾದುದು ಕೈಗೆ ಸಿಕ್ಕರೂ ಸಿಗದುದಕ್ಕೆ ಸಮವೇ. ಎಲ್ಲಕ್ಕಿಂತ ಮಿಗಿಲಾಗಿ ಮಹಾಭಾರತದ ಶಾಂತಿಪರ್ವದ ನಾರಾಯಣೀಯದಲ್ಲಿ ಬರುವ ಉಪರಿಚರವಸುವಿನ ಉಪಾಖ್ಯಾನವಿದೆ. ‘ಅಜ’ದಿಂದ ಯಜಿಸಬೇಕೆಂಬ ಮಾತಿಗೆ ‘ಆಡು’ ಎಂದು ದೇವತೆಗಳು ಅರ್ಥ ಹೇಳಿದರು. ‘ಬೀಜ’, ಎಂದರೆ ಧಾನ್ಯ, ಎಂದು ಋಷಿಗಳು ಅರ್ಥ ಹೇಳಿದರು. ತನ್ನ ಯಜ್ಞದಲ್ಲಿ ಪಶುಹಿಂಸೆಯನ್ನೇ ಮಾಡದಿದ್ದ ವಸುವನ್ನು ಇಬ್ಬರೂ ಮಧ್ಯಸ್ಥನನ್ನಾಗಿ ಮಾಡಿಕೊಂಡರು. ಆತನು ದೇವತೆಗಳ ಪಕ್ಷವನ್ನು ಹಿಡಿದು ಆಡೆಂದೇ ತೀರ್ಪಿತ್ತನು. ಅದರ ಫಲವಾಗಿ ಅಂತರಿಕ್ಷದಿಂದ ಭೂಮಿಯ ಬಿಲಕ್ಕೆ ಬಿದ್ದನು. ಕೊನೆಗೆ ಶ್ರೀಮನ್ನಾರಾಯಣನು ಗರುಡನನ್ನು ಕಳುಹಿಸಿ ಅವನನ್ನು ಮೇಲೆತ್ತಿದನು. ಇಲ್ಲಿ ವಸುವಿನ ದೋಷವೇನು? ಅವನು ಯಾವ ಪ್ರಾಣಿಯನ್ನೂ ಕೊಲ್ಲಲಿಲ್ಲ. ಎರಡು ಅರ್ಥಗಳು ಸಾಧ್ಯವಿದ್ದಾಗ, ತಿಳಿದೂ ತಿಳಿದೂ, ಪ್ರಾಣ ತೆಗೆಯುವ ಅರ್ಥವನ್ನು ದೊಡ್ಡವರ ಮುಖ ನೋಡಿ ಎತ್ತಿಹಿಡಿದನು, ಅಷ್ಟೇ.

ಪಿಷ್ಟಪಶುವಿಗೆ ಇನ್ನೊಂದು ಕಡೆಯಿಂದಲೂ ಆಕ್ಷೇಪ ಬಂದಿತ್ತು, ಅದು ಕನ್ನಡನಾಡಿನಲ್ಲಿಯೇ. ಹೊಯ್ಸಳ ವೀರಬಲ್ಲಾಳನ ಕಾಲದ ಜೈನಕವಿ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದ ಅರಸನು ಜೀವಂತ ಪ್ರಾಣಿಯ ಬದಲಿಗೆ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಕತ್ತಿಯ ಪೆಟ್ಟಿಗೆ ಆ ಹಿಟ್ಟಿನ ಕೋಳಿ ಕೂಗಿಬಿಡುತ್ತದೆ. ಕೊಲ್ಲುವ ಸಂಕಲ್ಪವೊಂದರಿಂದಲೇ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಆಡು, ಕೋಳಿ ಮುಂತಾದ ಜನ್ಮಗಳಲ್ಲಿ ತೊಳಲಿ ತಾವೇ ಕೊಲೆಗೆ ಗುರಿಯಾಗುತ್ತಾರೆ. ಶ್ರೀಮದಾಚಾರ್ಯರ ಅವತಾರವನ್ನು 1238ಕ್ಕೆ ಹೇಳುವ ಗಣನೆಯಂತೆ ಇದು ಅವರಿಗಿಂತ ಮೂರು ದಶಕಗಳಷ್ಟು ಹಿಂದಿನ ಕಾವ್ಯ. ಜನ್ನನ ಆಕ್ಷೇಪವನ್ನು ತಳ್ಳಿಹಾಕುವುದು ಸರಿಯಲ್ಲ. ಕೊಲ್ಲಬೇಕೆಂಬ ಆಸೆಯನ್ನು ಒಳಗಿಟ್ಟುಕೊಂಡು ಹೊರಗೆ ಹಿಟ್ಟನ್ನು ಕಡಿಯುವುದಾದರೆ ಕತ್ತಿಯ ಸಂಸ್ಕಾರ ಮನಸ್ಸಿನಲ್ಲಿ ಉಳಿದೇ ಉಳಿಯುತ್ತದೆ. ಆದರೆ ಯಜ್ಞದ ಪಿಷ್ಟಪಶುವಿನಲ್ಲಿ ಸಂಕಲ್ಪವು ಸಮರ್ಪಣೆಯದು. ಭಯದಿಂದ ಉಗ್ರದೇವತೆಯನ್ನು ತಣಿಸುವ ಬಲಿಯಲ್ಲ. ಇನ್ನೊಂದು ಮಾತು: ಸಂಕಲ್ಪದ ಸೂಕ್ಷ್ಮವು ಕರ್ತೃವಿನ ಚಿತ್ತಶುದ್ಧಿಗೆ ಸಂಬಂಧಪಟ್ಟದ್ದು. ಕಟ್ಟಿನಿಂದ ಬಿಡಿಸಿಕೊಂಡು ಮಂದೆಗೆ ಹಿಂದಿರುಗಿದ ಆಡಿನ ಕಡೆಯಿಂದ ನೋಡಿದರೆ, ವ್ಯತ್ಯಾಸವು ಪ್ರಾಣದಷ್ಟು ದೊಡ್ಡದು.

ಸಂಪ್ರದಾಯದ ಹಿರಿಯರು ಇಲ್ಲಿ ಕೈಕೊಂಡ ಕ್ರಮವನ್ನು ಗಮನಿಸಬೇಕು. ಕರ್ಮವನ್ನು ಬಿಡಲಿಲ್ಲ, ಮಂತ್ರವನ್ನು ಬಿಡಲಿಲ್ಲ, ದೇವತೋದ್ದೇಶವನ್ನು ಬಿಡಲಿಲ್ಲ. ದ್ರವ್ಯವೊಂದನ್ನು ಮಾತ್ರ ಬದಲಾಯಿಸಿದರು. ಸಿಗುವ ದ್ರವ್ಯಕ್ಕೂ, ಅದರಲ್ಲಿ ಪ್ರಾಣಹಾನಿ ಇದೆಯೆಂಬ ಕಾರಣದಿಂದ, ಪ್ರತಿನಿಧಿಯನ್ನು ಸ್ವೀಕರಿಸಿದರು. ಈ ಕ್ರಮವು ಯಜ್ಞಶಾಲೆಗೆ ಮಾತ್ರ ಸೀಮಿತವೆ, ನಮ್ಮ ಮನೆಯ ಮಡಿಯ ಗಳುವಿನವರೆಗೂ ಬರುತ್ತದೆಯೆ ಎಂಬುದೇ ಈ ಲೇಖನದ ಮುಖ್ಯಪ್ರಶ್ನೆ.

ಈ ಪ್ರಾಂತದಲ್ಲಿರುವವರಿಗೆ ರೇಷ್ಮೆಯ ವಿಷಯ ಹೇಳಿಕೊಡಬೇಕಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ವಿಜಯಪುರವು ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಊರು. ದೊಡ್ಡಬಳ್ಳಾಪುರದ ಬೀದಿಬೀದಿಗಳಲ್ಲಿ ವಿದ್ಯುನ್ಮಗ್ಗಗಳ ಸದ್ದು ಕೇಳಿಸುತ್ತದೆ. ಮೈಸೂರು ಸೀಮೆಗೆ ಈ ಕಸುಬನ್ನು ತಂದವನೆಂದು ಹೇಳಲಾಗುವ ಟಿಪ್ಪು ಸುಲ್ತಾನನು ಹುಟ್ಟಿದ್ದೂ ದೇವನಹಳ್ಳಿಯಲ್ಲಿಯೇ. ಆದರೆ ನೂಲು ಹೇಗೆ ಬರುತ್ತದೆಂಬುದನ್ನು ಪಟ್ಟಣದಲ್ಲಿ ಬೆಳೆದ ಮಕ್ಕಳು ಅರಿಯರು. ಹಿಪ್ಪುನೇರಳೆಯ ಎಲೆಯನ್ನು ತಿನ್ನುವ ಹುಳುವು ಸುಮಾರು ಇಪ್ಪತ್ತೈದು ದಿನಗಳಲ್ಲಿ ನಾಲ್ಕು ಬಾರಿ ಪೊರೆ ಕಳಚಿ ಬೆಳೆದು, ಎರಡು ಮೂರು ದಿನಗಳಲ್ಲಿ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಆ ಗೂಡು ನೂರಾರು ಮೀಟರುಗಳ ಒಂದೇ ಅಖಂಡವಾದ ಎಳೆ. ಒಳಗೆ ಹುಳುವು ಕೋಶವಾಗಿ, ಹತ್ತು ಹನ್ನೆರಡು ದಿನಗಳಲ್ಲಿ ಪತಂಗವಾಗಿ, ಒಂದು ಬಗೆಯ ರಸದಿಂದ ಗೂಡಿನ ತುದಿಯನ್ನು ಮೆತ್ತಗೆ ಮಾಡಿ ಹೊರಬರುತ್ತದೆ. ಹೊರಬಂದರೆ ಎಳೆ ತುಂಡಾಗುತ್ತದೆ, ಬಿಚ್ಚಾಣಿಕೆಗೆ ಬಾರದು. ಆದಕಾರಣ ಅದು ಹೊರಬರುವ ಮೊದಲೇ ಗೂಡುಗಳನ್ನು ಆವಿಯಲ್ಲಿಯೋ ಬಿಸಿಗಾಳಿಯಲ್ಲಿಯೋ ಇಟ್ಟು ಒಳಗಿನ ಕೋಶವನ್ನು ಕೊಲ್ಲುವರು. ಆಮೇಲೆ ಕುದಿನೀರಿನಲ್ಲಿ ಬೇಯಿಸಿ ಎಳೆ ತೆಗೆಯುವರು.

ಲೆಕ್ಕವನ್ನೂ ನೋಡೋಣ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು 6ರಿಂದ 8 ಕಿಲೋ ಗೂಡು ಬೇಕು. ಒಂದು ಗೂಡಿನ ತೂಕ ಒಂದೂವರೆಯಿಂದ ಎರಡು ಗ್ರಾಂ. ಹೀಗೆ ಒಂದು ಕಿಲೋ ನೂಲಿಗೆ ಮೂರು ಸಾವಿರ ಗೂಡುಗಳಿಗೆ ಕಡಿಮೆಯಿಲ್ಲ. ಐದು ಸಾವಿರವನ್ನೂ ಮುಟ್ಟಬಹುದು. ಅರ್ಧ ಕಿಲೋ ರೇಷ್ಮೆಯುಳ್ಳ ಒಂದು ಸೀರೆಯ ಹಿಂದೆ ಎರಡು ಸಾವಿರದಷ್ಟು ಜೀವಗಳು ಇವೆಯೆಂದಾಯಿತು. ಒಂದು ಆಡಿನ ಬದಲಿಗೆ ಹಿಟ್ಟನ್ನು ಹಿಡಿದು ವಿದ್ವತ್ಸಭೆಗಳಲ್ಲಿ ವಾದಿಸಿದ ಪರಂಪರೆಯವರು, ಆ ಪಿಷ್ಟಪಶುವನ್ನು ಸಮರ್ಪಿಸುವಾಗ ಉಟ್ಟ ವಸ್ತ್ರವು ಇದು.

“ಹುಳುವಿಗೆ ಏನು ತಿಳಿಯುತ್ತದೆ?” ಎಂಬ ಮಾತನ್ನು ಮನೆಮನೆಗಳಲ್ಲಿ ಕೇಳುತ್ತೇವೆ. ಕೀಟಗಳ ವಿಷಯದಲ್ಲಿ ವಿಜ್ಞಾನವು ಇನ್ನೂ ನಿರ್ಣಯಕ್ಕೆ ಬಂದಿಲ್ಲವೆಂದು ಮೇಲೆ ಹೇಳಿದೆ. ಆ ಅನಿಶ್ಚಯವನ್ನು ಆಶ್ರಯಿಸಿ ಆಧುನಿಕನು ತಪ್ಪಿಸಿಕೊಳ್ಳಬಹುದು. ನಮಗೆ ಆ ದಾರಿಯಿಲ್ಲ. ತೃಣದಲ್ಲಿಯೂ ಜೀವನನ್ನು ಒಪ್ಪಿದ ಮೇಲೆ ಹುಳುವಿನಲ್ಲಿ ಇಲ್ಲವೆನ್ನುವುದು ಹೇಗೆ? ಜೀವನಿದ್ದ ಮೇಲೆ ಸಾಕ್ಷಿ ಇಲ್ಲವೆನ್ನುವುದು ಹೇಗೆ? ಹಾಗಾದರೆ ಸೊಪ್ಪು ತರಿದರೂ ದೋಷವಲ್ಲವೆ ಎಂದು ಕೇಳುವವರಿಗೆ, ದೇಹಯಾತ್ರೆಗೆ ಅನಿವಾರ್ಯವಾದುದು ಬೇರೆ, ಪರ್ಯಾಯವಿದ್ದೂ ಮಾಡುವುದು ಬೇರೆ ಎಂಬುದೇ ಉತ್ತರ. ಒಲೆ, ಒರಳು, ಪೊರಕೆಗಳಲ್ಲಿ ಅರಿಯದೆ ಆಗುವ ಹಿಂಸೆಗೆ ಗೃಹಸ್ಥನು ನಿತ್ಯವೂ ಪಂಚಮಹಾಯಜ್ಞಗಳಿಂದ ಪರಿಹಾರ ಮಾಡಿಕೊಳ್ಳಬೇಕೆಂದು ಶಾಸ್ತ್ರವು ವಿಧಿಸಿದೆ. ಇರುವೆಯೊಂದು ಒಲೆಗೆ ಬಿದ್ದುದನ್ನು ಲೆಕ್ಕಕ್ಕೆ ಹಿಡಿದ ಶಾಸ್ತ್ರವು, ಎರಡು ಸಾವಿರ ಕೋಶಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟೀತೆಂದು ನಂಬುವುದು ಕಷ್ಟ.

ಪಟ್ಟೆಗೆ ಶಾಸ್ತ್ರದಲ್ಲಿ ಶುದ್ಧಿ ಹೇಳಿದೆಯಲ್ಲ ಎಂದು ಇನ್ನೊಂದು ಶಂಕೆ. ಹೌದು, ಹೇಳಿದೆ. ಮಲಿನಗೊಳ್ಳದೆ ಬಹುಕಾಲ ಇರುವ ವಸ್ತ್ರವೆಂಬ ದೃಷ್ಟಿಯಿಂದ ಬಂದ ಮಾತದು. ಅದನ್ನೇ ಉಡಬೇಕೆಂಬ ವಿಧಿಯಾಗಿ ಅದನ್ನು ತಿಳಿಯಬೇಕಾಗಿಲ್ಲ. ಸ್ನಾನಮಾಡಿ ಒಗೆದು, ಯಾರೂ ಮುಟ್ಟದಂತೆ ಒಣಗಿಸಿದ ಹತ್ತಿಯ ಮಡಿಯೇ ಮುಖ್ಯಕಲ್ಪ, ಪಟ್ಟೆಯು ಅನುಕೂಲಕ್ಕಾಗಿ ಬಂದ ಅನುಕಲ್ಪ ಎಂದು ಹೇಳುವ ಹಿರಿಯರು ನಮ್ಮ ಅನೇಕ ಮನೆಗಳಲ್ಲಿ ಇದ್ದಾರೆ. ಅವರ ಮಾತಿನಂತೆ ನೋಡಿದರೆ ಇಲ್ಲಿ ಪ್ರತಿನಿಧಿಯನ್ನು ಹುಡುಕುವ ಕಷ್ಟವೂ ಇಲ್ಲ. ಅನುಕಲ್ಪವನ್ನು ಬಿಟ್ಟು ಮುಖ್ಯಕ್ಕೆ ಹಿಂದಿರುಗಿದರಾಯಿತು. ಬೆಳಗಿನ ಹೊತ್ತು ಕೆಲಸಕ್ಕೆ ಓಡುವ ಗೃಹಿಣಿಗೆ ದಿನವೂ ಒಗೆದು ಒಣಗಿಸುವುದು ಎಷ್ಟು ಕಷ್ಟವೆಂಬುದನ್ನು, ಮಡಿಯ ಬಗ್ಗೆ ಉಪನ್ಯಾಸ ಮಾಡುವ ಗಂಡಸರು ಮೊದಲು ತಾವೇ ಒಗೆದು ನೋಡಿ ತಿಳಿಯಬೇಕು. ಮಠಾಂತರದ ಒಂದು ಸಂಗತಿಯನ್ನೂ ಹೇಳಬಹುದು: ಕಂಚಿಯ ಶ್ರೀ ಚಂದ್ರಶೇಖರೇಂದ್ರ ಸರಸ್ವತಿಗಳು ಇದೇ ಕಾರಣದಿಂದ ರೇಷ್ಮೆಯನ್ನು ಬಿಡುವಂತೆ ತಮ್ಮ ಶಿಷ್ಯರಿಗೆ ಬೋಧಿಸಿದರು. ಸಿದ್ಧಾಂತ ಬೇರೆಯಾದರೂ ಒಳ್ಳೆಯ ಮಾತು ಎಲ್ಲಿಂದ ಬಂದರೂ ಗ್ರಾಹ್ಯವೇ.

ಪತಂಗ ಹೊರಬಂದ ಮೇಲೆ ಒಡೆದ ಗೂಡಿನಿಂದ ಹತ್ತಿಯಂತೆ ನೂಲು ತೆಗೆಯುವ ‘ಅಹಿಂಸಾ ರೇಷ್ಮೆ’ಯನ್ನು ಹೈದರಾಬಾದಿನ ಕುಸುಮ ರಾಜಯ್ಯನವರು ಬಳಕೆಗೆ ತಂದರು. ಇದಕ್ಕೆ ಹೊಳಪು ಕಡಿಮೆ, ಬೆಲೆ ಹೆಚ್ಚು. ಆದರೆ ಇದರಿಂದ ಎಲ್ಲವೂ ತೀರಿತೆಂದು ತಿಳಿಯಬಾರದು. ಸಾವಿರಾರು ವರ್ಷಗಳ ಸಾಕಣೆಯಿಂದ ಈ ಪತಂಗವು ಹಾರುವ ಶಕ್ತಿಯನ್ನೇ ಕಳೆದುಕೊಂಡಿದೆ, ಆಹಾರವನ್ನೂ ತಿನ್ನದು, ಕೆಲವೇ ದಿನಗಳಲ್ಲಿ ನೂರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಅಷ್ಟೂ ಮೊಟ್ಟೆಗಳ ಮರಿಗಳಿಗೆ ಸೊಪ್ಪು ಕೊಡುವವರು ಯಾರು? ಮನುಷ್ಯನು ಒಂದು ಜೀವಜಾತಿಯನ್ನು ತನ್ನ ಅಗತ್ಯಕ್ಕೆ ತಕ್ಕಂತೆ ತಿದ್ದಿಬಿಟ್ಟ ಮೇಲೆ, ಅದನ್ನು ಸುಮ್ಮನೆ ಬಿಟ್ಟುಬಿಡುವುದೂ ಸುಲಭವಲ್ಲವೆಂಬುದಕ್ಕೆ ಇದು ಉದಾಹರಣೆ. ಹಿಪ್ಪುನೇರಳೆಯ ತೋಟವನ್ನೂ ಮಗ್ಗವನ್ನೂ ನಂಬಿದ ಸಾವಿರಾರು ಸಂಸಾರಗಳು ನಮ್ಮ ನೆರೆಯಲ್ಲಿಯೇ ಇವೆ. ಅವರನ್ನು ಪಾಪಿಗಳೆಂದು ದೂರುವ ಅಧಿಕಾರ, ಅವರ ಸೀರೆಯನ್ನು ಉಟ್ಟು ಸಂಭಾವನೆ ಪಡೆದ ನಮಗಂತೂ ಇಲ್ಲ. ಅದೇ ಮಗ್ಗದಲ್ಲಿ ಹತ್ತಿಯನ್ನೂ ನೇಯಬಹುದು; ಕೊಳ್ಳುವವರು ಏನನ್ನು ಕೇಳುತ್ತಾರೋ ಅದನ್ನು ನೇಯುತ್ತಾರೆ.

ಮತ್ತೆ ಘಾಟಿಯ ಹೋರಿಗಳ ಕಡೆಗೆ ಬರೋಣ. ಶಾಂತಿಪರ್ವದಲ್ಲಿಯೇ ತುಲಾಧಾರನ ಉಪಾಖ್ಯಾನವಿದೆ. ಜಾಜಲಿ ಎಂಬ ಬ್ರಾಹ್ಮಣ ತಪಸ್ವಿಯು ಕಂಬದಂತೆ ನಿಂತು ತಪಸ್ಸು ಮಾಡಲು, ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿದವು. ಮರಿಗಳು ಹಾರಿಹೋಗುವವರೆಗೂ ಅವನು ಅಲುಗಾಡಲಿಲ್ಲ. ತಾನು ಧರ್ಮವನ್ನು ಸಾಧಿಸಿದೆನೆಂದು ಅವನು ಹಿಗ್ಗಿದಾಗ, ಕಾಶಿಯ ವರ್ತಕನಾದ ತುಲಾಧಾರನಿಗೆ ನೀನು ಸಮನಲ್ಲವೆಂಬ ಅಶರೀರವಾಣಿ ಕೇಳಿಸಿತು. ಆ ತುಲಾಧಾರನು ಜಾಜಲಿಗೆ ಮಾಡಿದ ಉಪದೇಶದಲ್ಲಿ ಎತ್ತುಗಳ ಬೀಜ ಒಡೆಯುವುದನ್ನೂ, ಮೂಗನ್ನು ಚುಚ್ಚುವುದನ್ನೂ, ಮಿತಿಮೀರಿದ ಭಾರ ಹೊರಿಸುವುದನ್ನೂ, ಕಟ್ಟಿ ದಂಡಿಸುವುದನ್ನೂ ಸ್ಪಷ್ಟವಾಗಿ ನಿಂದಿಸಿದ್ದಾನೆ; ನೇಗಿಲ ತುದಿಗೆ ಸಿಕ್ಕು ಸಾಯುವ ಭೂಮಿಯೊಳಗಿನ ಜಂತುಗಳನ್ನೂ ಅವನು ಮರೆತಿಲ್ಲ. ಕೊಲ್ಲುವುದು ಮಾತ್ರ ಹಿಂಸೆಯಲ್ಲವೆಂಬುದು ಅವನ ಅಭಿಪ್ರಾಯ. ಪಕ್ಷಿಗಳಿಗೆ ತಲೆಯಲ್ಲಿ ಮನೆಕೊಟ್ಟ ತಪಸ್ವಿಗೆ, ತಕ್ಕಡಿ ಹಿಡಿದ ವರ್ತಕನು ಎತ್ತಿನ ಮೂಗಿನ ಮಾತನ್ನು ಹೇಳಬೇಕಾಯಿತು.

ಈಗಿನ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯ್ದೆಯ 11ನೆಯ ಪ್ರಕರಣವು ಹೊಡೆತ, ಅತಿಭಾರ, ಅನಾಹಾರ ಮೊದಲಾದವುಗಳನ್ನು ಅಪರಾಧವೆಂದು ಎಣಿಸುತ್ತದೆ. ಆದರೆ ನಿಯಮಿತ ರೀತಿಯಲ್ಲಿ ಮಾಡುವ ಬೀಜಭಂಗ, ಮೂಗುದಾರ, ಬರೆಹಾಕುವಿಕೆಗಳನ್ನು ಅದೇ ಪ್ರಕರಣವು ಹೊರತುಪಡಿಸಿದೆ. ತುಲಾಧಾರನು ಹೆಸರಿಸಿ ನಿಂದಿಸಿದ್ದನ್ನೇ ಕಾಯ್ದೆಯು ಹೆಸರಿಸಿ ಬಿಟ್ಟಿದೆ! ಧಾರ್ಮಿಕ ಕಾರಣದ ವಧೆಗೆ 28ನೆಯ ಪ್ರಕರಣದಲ್ಲಿ ವಿನಾಯಿತಿ ಉಂಟಾದರೂ, ನಮ್ಮ ರಾಜ್ಯದಲ್ಲಿ 1959ರ ಪ್ರಾಣಿಬಲಿ ಪ್ರತಿಬಂಧಕ ಕಾಯ್ದೆಯು ದೇವಾಲಯಗಳಲ್ಲಿ ಬಲಿಯನ್ನು ನಿಷೇಧಿಸಿದೆ. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಜಾತಿಪಕ್ಷಪಾತವೆಂಬ ವಿಚಾರವನ್ನೇ ಎತ್ತಿಕೊಂಡು, ಹಸಿವು, ನೋವು, ಭಯಗಳಿಂದ ಮುಕ್ತಿ ಮೊದಲಾದ ಐದು ಸ್ವಾತಂತ್ರ್ಯಗಳು ಪ್ರಾಣಿಗಳಿಗೆ ಸಲ್ಲಬೇಕೆಂದಿತು. ಅನಂತರ ಕರ್ನಾಟಕವು 2017ರಲ್ಲಿ ಕಂಬಳ ಮತ್ತು ಎತ್ತಿನ ಓಟಗಳಿಗಾಗಿ ತಿದ್ದುಪಡಿ ತಂದಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಅದನ್ನು ಎತ್ತಿಹಿಡಿಯಿತು.

ಹೋರಿಯ ವಿಷಯದಲ್ಲಿ ರೇಷ್ಮೆಯಷ್ಟು ಸುಲಭವಾಗಿ ‘ಬಿಟ್ಟುಬಿಡಿ’ ಎನ್ನಲಾಗದು. ಉಳುಮೆಗೆ ಟ್ರಾಕ್ಟರ್ ಬಂದ ಮೇಲೆ ಹೋರಿಯ ನೋವು ಕಡಿಮೆಯಾಗಲಿಲ್ಲ, ಹೋರಿಯೇ ಕಡಿಮೆಯಾಯಿತು. ಕೃತಕ ಗರ್ಭಧಾರಣೆ ಬಂದ ಮೇಲೆ ಹಾಲಿನ ಮನೆಯಲ್ಲಿ ಹುಟ್ಟಿದ ಗಂಡುಕರುವು ಯಾರಿಗೂ ಬೇಡವಾಯಿತು. ಜಾತ್ರೆಗೆ ಹೋರಿಯನ್ನು ಸಿಂಗರಿಸಿ ತರುವ ರೈತನು ಆ ತಳಿಯನ್ನು ಉಳಿಸಿದವನೂ ಹೌದು. ದೇವರ ಅಭಿಷೇಕಕ್ಕೆ ಪ್ಯಾಕೆಟ್ಟಿನ ಹಾಲನ್ನು ಕೊಳ್ಳುವ ನಾವು, ಆ ಹಾಲಿಗಾಗಿ ಹುಟ್ಟಿದ ಕರು ಗಂಡಾಗಿದ್ದರೆ ಏನಾಯಿತೆಂದು ಕೇಳಿದ್ದುಂಟೆ? ಅದರಲ್ಲಿಯೂ ನಮ್ಮ ಪಕ್ಷಪಾತ ವಿಚಿತ್ರವಾದುದು. ಹಸುವಿಗೆ ಪ್ರದಕ್ಷಿಣೆ ಬರುತ್ತೇವೆ, ಎಮ್ಮೆಯ ಹಾಲಿನ ಗಟ್ಟಿಮೊಸರನ್ನು ಸವಿಯುತ್ತೇವೆ, ಎಮ್ಮೆಗೆ ಒಂದು ಹಿಡಿ ಹುಲ್ಲಿನ ಪೂಜೆಯೂ ಇಲ್ಲ. ರಾಜ್ಯದ 2020ರ ಜಾನುವಾರು ಸಂರಕ್ಷಣಾ ಕಾಯ್ದೆಯೂ ಗೋವಂಶಕ್ಕೆ ವಯೋಮಿತಿಯಿಲ್ಲದ ರಕ್ಷಣೆಯನ್ನೂ, ಎಮ್ಮೆ ಕೋಣಗಳಿಗೆ 13 ವರ್ಷದವರೆಗಿನ ರಕ್ಷಣೆಯನ್ನೂ ಕೊಟ್ಟಿತು. ಇನ್ನು ನಾಗರಕಲ್ಲಿಗೆ ಹಾಲೆರೆದು, ಹಿತ್ತಲಿಗೆ ಬಂದ ನಾಗರಹಾವಿಗೆ ದೊಣ್ಣೆ ಎತ್ತುವುದನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಕೇಳಿದ್ದರು. ಪ್ರಶ್ನೆ ಹಾಗೆಯೇ ನಿಂತಿದೆ.

ಘಾಟಿಗೆ ಹೋಗುವ ಸದ್ಭಕ್ತರು ಮಾಡಬಹುದಾದ ಸೇವೆ ಚಿಕ್ಕದಾದರೂ ಉಂಟು. ದೂರದಿಂದ ಲಾರಿಯಲ್ಲಿ ಬಂದ ದನಗಳಿಗೆ ಮೊದಲು ಬೇಕಾದುದು ನೀರು ಮತ್ತು ನೆರಳು. ರಥೋತ್ಸವದ ಸೇವಾಕಟ್ಟಳೆಯಲ್ಲಿ ಅನ್ನಸಂತರ್ಪಣೆಗೆ ಕೊಡುವವರು ಒಂದು ಪಾಲನ್ನು ನೀರಿನ ತೊಟ್ಟಿಗೂ ಹುಲ್ಲಿಗೂ ಮೀಸಲಿಡಬಹುದು. ಬಂಡಿಯಲ್ಲಿ ಕುಳಿತು ಬರುವವರು ಏರಿನಲ್ಲಿ ಇಳಿದು ನಡೆಯುವುದು ಹಿಂದೆ ನಮ್ಮ ಹಳ್ಳಿಗಳಲ್ಲಿ ವಾಡಿಕೆಯೇ ಆಗಿತ್ತು.

ಪಟ್ಟೆಯ ವಿಷಯದಲ್ಲಿ ಕೆಲವು ಗೃಹಿಣಿಯರು ಕೇಳುವ ಪ್ರಶ್ನೆ, ಅಜ್ಜಿಯ ಕಾಲದ ಪಟ್ಟೆ ಸೀರೆಯನ್ನು ಏನು ಮಾಡಬೇಕೆಂಬುದು. ಅದನ್ನು ಸುಡಬೇಕಾಗಿಲ್ಲ, ಬಚ್ಚಿಡಬೇಕಾಗಿಯೂ ಇಲ್ಲ. ಅದರ ಹಿಂಸೆ ನಡೆದುಹೋದದ್ದು. ಅದನ್ನು ಉಡುವುದರಿಂದ ಹೊಸದಾಗಿ ಒಂದು ಗೂಡೂ ಬೇಯುವುದಿಲ್ಲ. ಹರಿಯುವವರೆಗೆ ಉಡಬಹುದು. ಹೊಸದಾಗಿ ಕೊಳ್ಳುವ ಸಂದರ್ಭದಲ್ಲಿ, ಮುಖ್ಯವಾಗಿ ಉಪನಯನ ವಿವಾಹಗಳಲ್ಲಿ ಉಡುಗೊರೆಗಾಗಿ ಡಜನುಗಟ್ಟಲೆ ಕೊಳ್ಳುವಾಗ, ಮೇಲಿನ ಲೆಕ್ಕವನ್ನು ಮುಂದಿಟ್ಟುಕೊಂಡು ಮನೆಯವರೆಲ್ಲ ಕುಳಿತು ಮಾತನಾಡಬೇಕು. ವೈದಿಕರಿಗೆ ಕೊಡುವ ಪಟ್ಟೆಯ ಪಂಚೆಗೆ ಬದಲು ಒಳ್ಳೆಯ ಹತ್ತಿಯ ಜೋಡಿಯನ್ನು ಕೊಟ್ಟರೆ ಸ್ವೀಕರಿಸುವರೇ ಎಂಬ ಸಂಕೋಚ ಬೇಡ. ಮೊದಲೇ ಕೇಳಿದರೆ ಸಂತೋಷದಿಂದ ಒಪ್ಪುವರು. ಪಂಚಾಮೃತದ ಜೇನುತುಪ್ಪ, ದೇವರ ಪೂಜೆಯ ಶಂಖ, ಕೃಷ್ಣಾಜಿನ ಇವುಗಳ ವಿಚಾರವೂ ಇದೇ ಜಾತಿಯದು. ಒಂದೊಂದರಲ್ಲಿಯೂ ಪ್ರಮಾಣಗಳು ಬೇರೆ ಬೇರೆಯಾಗಿರುವುದರಿಂದ ಅವನ್ನು ಮುಂದಿನ ಸಂಚಿಕೆಯಲ್ಲಿ ಪ್ರತ್ಯೇಕವಾಗಿ ಪರಾಮರ್ಶಿಸಲಾಗುವುದು.